ಆಲ್ದೋ ಬಂದರೆ ಬಟ್ ಯಾಕೆ ಬರಬಾರದು? ಇಂಗ್ಲಿಷ್ ಕಂಜಂಕ್ಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಐದೂವರೆಗೆ ಟ್ಯೂಷನ್ ಶುರುವಾಗುತ್ತದೆ. ಎಂಟನೇ ಕ್ಲಾಸಿನಿಂದ ಸೆಕೆಂಡ್ ಪಿಯುವರೆಗಿನ ಮಕ್ಕಳು ಬರುತ್ತಾರೆ. ಗ್ರಾಮರ್‌ನಲ್ಲಿ ಅವರು ಜಾಸ್ತಿ ಹೆದರುವುದು ಟೆನ್ಸ್‌ಗೆ, ಜಾಸ್ತಿ ತಪ್ಪು ಮಾಡುವುದು ಕಂಜಂಕ್ಷನ್‌ನಲ್ಲಿ. ಕೇಳಿದ್ದನ್ನೇ ಕೇಳುತ್ತಾರೆ, ನಾನೂ ಹೇಳಿದ್ದನ್ನೇ ಹೇಳುತ್ತೇನೆ. ಅದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಇಂಗ್ಲಿಷ್ ವಾಕ್ಯಗಳೂ ಕನ್ನಡ ಅಕ್ಷರದಲ್ಲೇ ಇವೆ. ಬಾಯಿಬಿಟ್ಟು ಓದಿ, ಕಣ್ಣಿಗಿಂತ ಕಿವಿಗೆ ತಪ್ಪು ಬೇಗ ಗೊತ್ತಾಗುತ್ತದೆ.

ಕಂಜಂಕ್ಷನ್ ಅಂದರೆ ಏನು?

ಪದಕ್ಕೆ ಪದವನ್ನೋ ವಾಕ್ಯಕ್ಕೆ ವಾಕ್ಯವನ್ನೋ ಜೋಡಿಸುವ ಪದ. ಆ್ಯಂಡ್, ಬಟ್, ಆರ್, ಬಿಕಾಸ್, ಇಫ್, ಆಲ್ದೋ ಇವೆಲ್ಲ ಅದೇ ಜಾತಿ. ಕನ್ನಡ ವ್ಯಾಕರಣದಲ್ಲಿ ಸಂಬಂಧಾರ್ಥಕಾವ್ಯಯ ಅಂತ ಓದಿರುತ್ತೀರಿ: ಮತ್ತು, ಅಥವಾ, ಆದ್ದರಿಂದ. ಹೆಚ್ಚು ಕಡಿಮೆ ಅದೇ.

ಅದೇ ಆದರೆ ಕಷ್ಟ ಯಾಕೆ? ಕನ್ನಡದಲ್ಲಿ ಗೊತ್ತಿರೋದು ಇಂಗ್ಲಿಷ್‌ನಲ್ಲಿ ಯಾಕೆ ತಪ್ಪುತ್ತೆ?

ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಪಾಠ ಮುಗಿದ ಹಾಗೆ.

ನೀವು ಬೆಳಿಗ್ಗೆ ಏನು ಮಾಡಿದಿರಿ ಅಂತ ಕನ್ನಡದಲ್ಲಿ ಹೇಳಿ ನೋಡಿ. "ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹತ್ತಿ ಬಂದೆ." ಇದರಲ್ಲಿ 'ಮತ್ತು' ಎಷ್ಟಿದೆ? ಒಂದೂ ಇಲ್ಲ. ಜೋಡಿಸುವ ಕೆಲಸವನ್ನು ಎದ್ದು, ಮಾಡಿ, ತಿಂದು, ಹತ್ತಿ ಅನ್ನುವ ಕ್ರಿಯಾಪದಗಳೇ ಮಾಡಿಬಿಟ್ಟಿವೆ. ಇನ್ನೊಂದು ನೋಡಿ. "ಜ್ವರ ಬಂದಿದ್ದರಿಂದ ಬರಲಿಲ್ಲ", "ಮಳೆ ಬಂದರೆ ಬರಲ್ಲ", "ಮಳೆ ಬಂದರೂ ಬಂದೆ." ಇಂಗ್ಲಿಷ್‌ನವರು ಬಿಕಾಸ್, ಇಫ್, ಆಲ್ದೋ ಅಂತ ಮೂರು ಬೇರೆ ಪದ ಹುಡುಕುವ ಕಡೆ ನಾವು ಕ್ರಿಯಾಪದದ ಬಾಲ ಬದಲಾಯಿಸಿ ಮುಂದೆ ಹೋಗುತ್ತೇವೆ.

ಅಂದರೆ ಕನ್ನಡದ ಗಂಟು ವಾಕ್ಯದ ಬಾಲದಲ್ಲಿ ಇರುತ್ತದೆ. ಇಂಗ್ಲಿಷ್‌ನ ಗಂಟು ತಲೆಯಲ್ಲಿ. 'ಬಂದಿದ್ದರಿಂದ' ಅನ್ನುವಾಗ 'ಇಂದ' ಕೊನೆಗೆ ಬರುತ್ತದೆ, ಬಿಕಾಸ್ ಮೊದಲಿಗೇ ಬಂದು ನಿಲ್ಲುತ್ತದೆ. ಮಕ್ಕಳು ಇಂಗ್ಲಿಷ್ ಗಂಟನ್ನು ತಲೆಗೆ ಹಾಕುತ್ತಾರೆ. ಆಮೇಲೆ ಕನ್ನಡದ ಅಭ್ಯಾಸಕ್ಕೆ ಮಧ್ಯದಲ್ಲಿ ಇನ್ನೊಂದು ಗಂಟು ಹಾಕುತ್ತಾರೆ. ಮುಂದೆ ಬರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ.

ಮನೆಯಲ್ಲಿ ನಾವು ತೆಲುಗು ಮಾತಾಡೋದು. ಅದಕ್ಕೇ ಹೀಗಾಗುತ್ತಾ ಮಿಸ್?

ಇಲ್ಲ. ಕೋಲಾರದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. 'ತಿಂದು ಬಂದೆ' ಅನ್ನುವುದನ್ನು ತೆಲುಗಿನಲ್ಲಿ 'ತಿನಿ ವಚ್ಚಾನು' ಅಂತೀರಿ. ಕೆಜಿಎಫ್ ಕಡೆಯ ತಮಿಳು ಮಕ್ಕಳು 'ಸಾಪ್ಪಿಟ್ಟು ವಂದೇನ್' ಅಂತಾರೆ. ಮೂರರಲ್ಲೂ ಗಂಟು ಬಾಲದಲ್ಲೇ ಇದೆ. ಮೂರೂ ಒಂದೇ ಮನೆಯ ಭಾಷೆಗಳು, ಹಾಗಾಗಿ ಮೂವರೂ ಒಂದೇ ತಪ್ಪು ಮಾಡುತ್ತೀರಿ.

ಕಂಜಂಕ್ಷನ್ ಎಷ್ಟು ವಿಧ? ಮೂರೋ ನಾಲ್ಕೋ?

ಮೂರು. ಕೋಆರ್ಡಿನೇಟಿಂಗ್, ಸಬಾರ್ಡಿನೇಟಿಂಗ್, ಕೋರಿಲೇಟಿವ್. ಕೆಲವು ಗೈಡ್‌ಗಳಲ್ಲಿ ಕಾಂಪೌಂಡ್ ಅಂತ ನಾಲ್ಕನೆಯದು ಇರುತ್ತದೆ: ಆ್ಯಸ್ ಸೂನ್ ಆ್ಯಸ್, ಪ್ರೊವೈಡೆಡ್ ದಟ್, ಈವನ್ ಇಫ್ ಇಂಥವು. ಎರಡು ಮೂರು ಪದ ಸೇರಿ ಒಂದು ಕಂಜಂಕ್ಷನ್ ಆಗಿದೆ, ಅಷ್ಟೇ. ಮಾಡುವ ಕೆಲಸ ಮಾತ್ರ ಮೇಲಿನವುಗಳದ್ದೇ. ಪರೀಕ್ಷೆಯಲ್ಲಿ ನಾಲ್ಕು ಕೇಳಿದರೆ ನಾಲ್ಕು ಬರೆಯಿರಿ, ಜಗಳ ಬೇಡ.

ಫ್ಯಾನ್‌ಬಾಯ್ಸ್ ಅಂದರೆ ಯಾರು?

ಯಾರೂ ಅಲ್ಲ, ಏಳು ಪದಗಳ ಮೊದಲ ಇಂಗ್ಲಿಷ್ ಅಕ್ಷರ ಸೇರಿಸಿ ನೆನಪಿಗೆ ಇಟ್ಟುಕೊಂಡ ಸೂತ್ರ. ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಏಳೂ ಕೋಆರ್ಡಿನೇಟಿಂಗ್. ಇವು ಜೋಡಿಸುವ ಎರಡು ಕಡೆಗೂ ಸಮಾನ ತೂಕ ಇರುತ್ತದೆ. "ದ ಮೈನ್ಸ್ ಕ್ಲೋಸ್ಡ್ ಇನ್ 2001, ಬಟ್ ಪೀಪಲ್ ಸ್ಟಿಲ್ ಕಾಲ್ ದ ಟೌನ್ ಕೆಜಿಎಫ್." ಬಟ್ ತೆಗೆದು ಫುಲ್‌ಸ್ಟಾಪ್ ಇಟ್ಟರೆ ಎರಡೂ ತಮ್ಮ ಪಾಡಿಗೆ ಪೂರ್ತಿ ವಾಕ್ಯಗಳು.

ಏಳರಲ್ಲಿ ದಿನಾ ಬೇಕಾಗುವುದು ಆ್ಯಂಡ್, ಬಟ್, ಆರ್, ಸೋ ನಾಲ್ಕೇ. 'ಏಕೆಂದರೆ' ಅನ್ನುವ ಅರ್ಥದ ಫಾರ್ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ, ಮಾತಿನಲ್ಲಿ ಬಳಸಿದರೆ ಹಳೇ ಕಾಲದ ಪಾದ್ರಿ ಮಾತಾಡಿದ ಹಾಗಿರುತ್ತದೆ. ನಾರ್‌ಗೆ ಒಂದು ಚಾಳಿ ಇದೆ. ಅದು ಬಂದ ಕೂಡಲೇ ಡಿಡ್ ಥರದ ಹೆಲ್ಪಿಂಗ್ ವರ್ಬ್ ಸಬ್ಜೆಕ್ಟ್‌ಗಿಂತ ಮೊದಲೇ ಬಂದುಬಿಡುತ್ತದೆ: "ಹಿ ಡಿಡ್ ನಾಟ್ ಕಾಲ್, ನಾರ್ ಡಿಡ್ ಹಿ ರೈಟ್." 'ನಾರ್ ಹಿ ಡಿಡ್' ಅಲ್ಲ.

ಆ್ಯಂಡ್ ಬಂದರೆ ವರ್ಬ್ ಯಾವಾಗಲೂ ಪ್ಲೂರಲ್ ಅಲ್ವಾ?

ಸಾಮಾನ್ಯವಾಗಿ ಹೌದು. ಆದರೆ ಎರಡು ಸೇರಿ ಒಂದೇ ಪದಾರ್ಥ ಆಗಿದ್ದರೆ ಸಿಂಗುಲರ್: "ಬ್ರೆಡ್ ಆ್ಯಂಡ್ ಬಟರ್ ಈಸ್ ಮೈ ಬ್ರೇಕ್‌ಫಾಸ್ಟ್." ನಾವು "ಮುದ್ದೆ ಬಸ್ಸಾರು ಚೆನ್ನಾಗಿದೆ" ಅಂತೀವಿ, 'ಚೆನ್ನಾಗಿವೆ' ಅನ್ನಲ್ಲ. ಅದೇ ಲೆಕ್ಕ.

ಸಬಾರ್ಡಿನೇಟಿಂಗ್ ಅಂತ ಗುರುತಿಸೋದು ಹೇಗೆ? ಪಟ್ಟಿ ಬಾಯಿಪಾಠ ಮಾಡಬೇಕಾ?

ಪಟ್ಟಿ ಉದ್ದ ಇದೆ, ಬೇಡ. ಒಂದು ಪರೀಕ್ಷೆ ಮಾಡಿ. ಕಂಜಂಕ್ಷನ್ ಇರುವ ತುಂಡನ್ನು ಹಾಗೇ ಎತ್ತಿ ವಾಕ್ಯದ ಮುಂದಕ್ಕೆ ಇಡಿ. ಕೂತರೆ ಸಬಾರ್ಡಿನೇಟಿಂಗ್, ಕೂರದಿದ್ದರೆ ಕೋಆರ್ಡಿನೇಟಿಂಗ್.

"ಐ ಮಿಸ್ಡ್ ದ ಬಸ್ ಬಿಕಾಸ್ ಐ ಗಾಟ್ ಅಪ್ ಲೇಟ್." ಎತ್ತಿ ಮುಂದಿಡಿ: "ಬಿಕಾಸ್ ಐ ಗಾಟ್ ಅಪ್ ಲೇಟ್, ಐ ಮಿಸ್ಡ್ ದ ಬಸ್." ಸರಿಯಾಗಿ ಕೂತಿತು. ಈಗ "ಐ ಗಾಟ್ ಅಪ್ ಲೇಟ್, ಬಟ್ ಐ ಕಾಟ್ ದ ಬಸ್" ತಗೊಳ್ಳಿ. "ಬಟ್ ಐ ಕಾಟ್ ದ ಬಸ್, ಐ ಗಾಟ್ ಅಪ್ ಲೇಟ್." ಕೇಳೋಕೇ ಆಗಲ್ಲ.

ಕಾಲಕ್ಕೆ ವೆನ್, ವೈಲ್, ಬಿಫೋರ್, ಆಫ್ಟರ್, ಅಂಟಿಲ್. ಕಾರಣಕ್ಕೆ ಬಿಕಾಸ್, ಸಿನ್ಸ್, ಆ್ಯಸ್. ಷರತ್ತಿಗೆ ಇಫ್, ಅನ್‌ಲೆಸ್. ಹಾಗಿದ್ದರೂ ಹೀಗೆ ಅನ್ನುವುದಕ್ಕೆ ದೋ, ಆಲ್ದೋ. ಉದ್ದೇಶಕ್ಕೆ ಸೋ ದಟ್. ಇಷ್ಟು ಸದ್ಯಕ್ಕೆ ಸಾಕು.

ಆಲ್ದೋ ಜೊತೆ ಬಟ್, ಆ್ಯಸ್ ಜೊತೆ ಸೋ ಯಾಕೆ ಬರಬಾರದು?

ಒಂದು ರಜಾಚೀಟಿ ತೋರಿಸುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗ ತಂದುಕೊಟ್ಟಿದ್ದು. ನೋಟ್‌ಬುಕ್‌ನಿಂದ ಹರಿದ ಹಾಳೆ, ಅಂಚಿನಲ್ಲಿ ಟೊಮೇಟೊ ಗಿಡ ಮುಟ್ಟಿದ ಕೈಯ ಹಸಿರು ಕಲೆ.

"ರೆಸ್ಪೆಕ್ಟೆಡ್ ಮಿಸ್, ಆ್ಯಸ್ ಮೈ ಫಾದರ್ ಟುಕ್ ಟೊಮೇಟೊ ಟು ಮಂಡಿ ಸೋ ಐ ಆಲ್ಸೋ ವೆಂಟ್. ಆಲ್ದೋ ರೇಟ್ ವಾಸ್ ಲೆಸ್ ಬಟ್ ವಿ ಸೋಲ್ಡ್ 40 ಬಾಕ್ಸ್. ಬಿಕಾಸ್ ಆಫ್ ಲೋಡ್ ಕೇಮ್ ಲೇಟ್ ಐ ಡಿಡ್ ನಾಟ್ ಕಮ್."

ಇಡೀ ಕಂಜಂಕ್ಷನ್ ಪಾಠ ಈ ಮೂರು ಸಾಲಿನಲ್ಲಿದೆ. ನಾನು ಅದನ್ನು ಬೋರ್ಡ್ ಮೇಲೆ ಬರೆದು, ಹೆಸರು ಹೇಳದೆ ಪಾಠ ಮಾಡಿದೆ. ಅವನೇ ಎದ್ದು "ಅದು ನಂದೇ ಮಿಸ್" ಅಂದ.

ಮೊದಲ ಸಾಲಿನಲ್ಲಿ 'ಆ್ಯಸ್' ಒಂದು ಗಂಟು, 'ಸೋ' ಇನ್ನೊಂದು ಗಂಟು. ಎರಡು ವಾಕ್ಯ ಕಟ್ಟಲು ಒಂದು ಗಂಟು ಸಾಕು. ಆ್ಯಸ್ ಇಟ್ಟುಕೊಂಡರೆ ಸೋ ಬೇಡ, ಸೋ ಇಟ್ಟುಕೊಂಡರೆ ಆ್ಯಸ್ ಬೇಡ. ಆಲ್ದೋ, ಬಟ್ ಕತೆಯೂ ಅಷ್ಟೇ.

ನಿಜ ಹೇಳಬೇಕೆಂದರೆ ಮಕ್ಕಳ ತಪ್ಪಿಗಿಂತ ಗೈಡ್‌ಗಳ ತಪ್ಪು ಜಾಸ್ತಿ. 'ಆಲ್ದೋ ಅಂದರೆ ಆದರೂ' ಅಂತ ಬರೆದಿರುತ್ತಾರೆ. ಆದರೆ ಕನ್ನಡದ 'ಆದರೂ' ನಿಲ್ಲುವ ಜಾಗ ಯಾವುದು? "ರೇಟ್ ಕಡಿಮೆ ಇತ್ತು, ಆದರೂ ಮಾರಿದೆವು." ಮಧ್ಯದಲ್ಲಿ. ಇಂಗ್ಲಿಷ್‌ನಲ್ಲಿ ಆ ಜಾಗ ಬಟ್‌ದು. ಹುಡುಗನಿಗೆ ಆಲ್ದೋ ಮುಂದೆ ಹಾಕಬೇಕು ಅಂತ ಗೊತ್ತು. ಹಾಕಿದ. ಮಧ್ಯದಲ್ಲಿ ಖಾಲಿ ಅನ್ನಿಸಿತು, ಬಟ್ ತುಂಬಿದ. ಆಲ್ದೋಗೆ ಸರಿಯಾದ ಜೋಡಿ 'ಆದರೂ' ಅಲ್ಲ, 'ಇದ್ದರೂ', 'ಬಂದರೂ' ಅನ್ನುವಾಗ ಕ್ರಿಯಾಪದದ ಕೊನೆಗೆ ಅಂಟುವ ಬಾಲ. "ರೇಟ್ ಕಡಿಮೆ ಇದ್ದರೂ ಮಾರಿದೆವು." ಕನ್ನಡದಲ್ಲೂ ಒಂದೇ ಗಂಟು, ನೋಡಿದಿರಾ? ಹಾಗೇ ಬಿಕಾಸ್, ಆ್ಯಸ್ ಎರಡಕ್ಕೂ 'ಬಂದಿದ್ದರಿಂದ' ಅನ್ನುವ ರೂಪ, ಸೋಗೆ 'ಅದಕ್ಕೇ', 'ಆದ್ದರಿಂದ'. ಹೀಗೆ ಜೋಡಿ ಮಾಡಿಕೊಂಡರೆ ಎರಡನೇ ಗಂಟು ತಾನಾಗೇ ಬಿಟ್ಟುಹೋಗುತ್ತದೆ.

ಹಾಗಾದರೆ "ದೋ ಹಿ ಈಸ್ ಪೂರ್, ಯೆಟ್ ಹಿ ಈಸ್ ಆನೆಸ್ಟ್" ತಪ್ಪಾ?

ತಪ್ಪಲ್ಲ. ದೋ ಜೊತೆ ಯೆಟ್ ಬರುವುದು ಹಳೆಯ ಜೋಡಿ, ಹಳೇ ಗ್ರಾಮರ್ ಪುಸ್ತಕಗಳಲ್ಲಿ ಇದೆ. ಈಗ ಬಳಕೆ ಕಡಿಮೆ. ಸ್ಟಿಲ್ ಕೂಡ ಬರಬಹುದು, ಅದು ಕಂಜಂಕ್ಷನ್ ಅಲ್ಲ, ಆ್ಯಡ್ವರ್ಬ್. ಬಟ್ ಮಾತ್ರ ಬೇಡ.

'ಬಂದರೂ' ಅಂದರೆ ಆಲ್ದೋನಾ, ಈವನ್ ಇಫಾ?

ಒಳ್ಳೇ ಪ್ರಶ್ನೆ. ಎರಡೂ ಆಗಬಹುದು. "ಮಳೆ ಬಂದರೂ ಹೋದೆ": ಮಳೆ ಬಂದಾಗಿದೆ, ಹಾಗಾಗಿ ಆಲ್ದೋ. "ಮಳೆ ಬಂದರೂ ಹೋಗ್ತೀನಿ": ಮಳೆ ಬರುತ್ತೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ಈವನ್ ಇಫ್. ಕನ್ನಡದಲ್ಲಿ ರೂಪ ಒಂದೇ, ವಾಕ್ಯದ ಕೊನೆ ನೋಡಿ ನಿರ್ಧರಿಸಬೇಕು.

ಬಿಕಾಸ್, ಬಿಕಾಸ್ ಆಫ್ ಎರಡಕ್ಕೂ ಏನು ವ್ಯತ್ಯಾಸ?

ಬಿಕಾಸ್ ಮುಂದೆ ವಾಕ್ಯ ಬರುತ್ತದೆ, ಬಿಕಾಸ್ ಆಫ್ ಮುಂದೆ ಹೆಸರು ಬರುತ್ತದೆ. 'ಬಿಕಾಸ್ ಇಟ್ ರೇನ್ಡ್', 'ಬಿಕಾಸ್ ಆಫ್ ದ ರೇನ್'. ಚೀಟಿಯ ಮೂರನೇ ಸಾಲಿನಲ್ಲಿ ಹುಡುಗ ಎರಡನ್ನೂ ಕಲಸಿದ್ದ. 'ಬಿಕಾಸ್ ದ ಲೋಡ್ ಕೇಮ್ ಲೇಟ್' ಅಂದಿದ್ದರೆ ಮುಗಿದಿತ್ತು. ಆಲ್ದೋ, ಡಿಸ್ಪೈಟ್ ಜೋಡಿಯೂ ಹೀಗೇ: 'ಆಲ್ದೋ ಇಟ್ ರೇನ್ಡ್', 'ಡಿಸ್ಪೈಟ್ ದ ರೇನ್'. 'ಡಿಸ್ಪೈಟ್ ಆಫ್' ಅಂತ ಇಲ್ಲ. ಆಫ್ ಬೇಕಿದ್ದರೆ 'ಇನ್ ಸ್ಪೈಟ್ ಆಫ್'.

ಅನ್‌ಲೆಸ್ ಜೊತೆ ನಾಟ್ ಹಾಕಬಹುದಾ?

ನಾನು ಹಾಕಿದ್ದೆ. ಕೆಲಸ ಹುಡುಕುತ್ತಿದ್ದ ಕಾಲ. ಒಂದು ಕಚೇರಿಗೆ ಸರ್ಟಿಫಿಕೇಟ್ ವಾಪಸ್ ಕೇಳಿ ಎರಡು ಪತ್ರ ಬರೆದಿದ್ದೆ, ಉತ್ತರ ಇಲ್ಲ. ಮೂರನೆಯದರಲ್ಲಿ ಸಿಟ್ಟಿನಿಂದ ಬರೆದೆ: "ಅನ್‌ಲೆಸ್ ಯು ಡು ನಾಟ್ ರಿಪ್ಲೈ, ಐ ವಿಲ್ ಕಮ್ ಇನ್ ಪರ್ಸನ್." ಉತ್ತರ ಕೊಡದಿದ್ದರೆ ನಾನೇ ಬರ್ತೀನಿ ಅಂತ ಹೆದರಿಸಿದೆ ಅಂದುಕೊಂಡೆ. ಅನ್‌ಲೆಸ್ ಒಳಗೇ 'ಇಲ್ಲ' ಇದೆ. ಅದರ ಮೇಲೆ ಇನ್ನೊಂದು ನಾಟ್ ಬಿದ್ದು ಎರಡೂ ಹೊಡೆದುಹೋದವು. ನನ್ನ ಪತ್ರದ ಪ್ರಕಾರ ಅವರು ಉತ್ತರ ಕೊಟ್ಟರೆ ಮಾತ್ರ ನಾನು ಹೋಗಬೇಕಿತ್ತು! ಅವರು ಕೊಡಲೂ ಇಲ್ಲ.

ಈ ತಪ್ಪಿನ ಬೇರೂ ಕನ್ನಡದಲ್ಲಿದೆ. "ಓದದ ಹೊರತು ಪಾಸಾಗಲ್ಲ" ಅಂತೀವಲ್ಲ, 'ಓದದ' ಅನ್ನುವುದರಲ್ಲೇ ನಿಷೇಧ ಇದೆ. ಅದನ್ನು ಹಾಗೇ ಇಂಗ್ಲಿಷ್‌ಗೆ ತಂದರೆ ನಾಟ್ ಬಂದುಬಿಡುತ್ತದೆ. ಸರಿ ರೂಪ: "ಯು ವೋಂಟ್ ಪಾಸ್ ಅನ್‌ಲೆಸ್ ಯು ಸ್ಟಡಿ." ಅಂಟಿಲ್‌ಗೂ ಇದೇ ಮಾತು. 'ವೇಟ್ ಅಂಟಿಲ್ ಹಿ ಕಮ್ಸ್', ನಾಟ್ ಬೇಡ.

ಹೊರತು ಅಂದ ಮೇಲೆ ಒಂದು ಮಜಾ ಹೇಳಬೇಕು. 'ಹೊರತು' ಬಂದಿದ್ದು 'ಹೊರ' ಅನ್ನುವುದರಿಂದ. ಇಂಗ್ಲಿಷ್‌ನ ಬಟ್ ಕೂಡ ಹಳೆಯ ಇಂಗ್ಲಿಷ್‌ನಲ್ಲಿ 'ಹೊರಗೆ' ಅನ್ನುವ ಅರ್ಥದ ಪದದಿಂದಲೇ ಬಂದಿದ್ದು. ಅದಕ್ಕೇ ಈಗಲೂ 'ಎವ್ರಿವನ್ ಬಟ್ ಯು' ಅಂದರೆ 'ನಿನ್ನ ಹೊರತು ಎಲ್ಲರೂ'.

ಇಫ್ ಆದ ಮೇಲೆ ವಿಲ್ ಯಾಕೆ ಬೇಡ?

ನಾಳೆಯ ಮಾತಾದರೂ ಇಫ್, ವೆನ್, ಅಂಟಿಲ್, ಆ್ಯಸ್ ಸೂನ್ ಆ್ಯಸ್ ಇರುವ ತುಂಡಿನಲ್ಲಿ ಪ್ರೆಸೆಂಟ್ ಟೆನ್ಸ್. "ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ ಹೋಮ್." ಕನ್ನಡದ 'ಬಂದರೆ' ಒಳಗೂ ಭವಿಷ್ಯ ಇಲ್ಲ, 'ಬಂದ' ಅನ್ನುವ ಭೂತಕಾಲವೇ ಇದೆ. ನಾವು ಅದನ್ನು ಗಮನಿಸಿಯೇ ಇಲ್ಲ ಅಲ್ವಾ?

ದಟ್ ಅಂದರೆ ಅಂತ. ಅಷ್ಟೇ ತಾನೇ?

ಅಷ್ಟೇ ಅಂದುಕೊಂಡರೆ ಕೆಟ್ಟಿತು. ಕನ್ನಡದ 'ಅಂತ' ಹೇಳಿದವನ ಮಾತನ್ನು ಹೇಳಿದ ಹಾಗೇ ಇಟ್ಟುಕೊಳ್ಳುತ್ತದೆ. "ನಾನು ಬರ್ತೀನಿ ಅಂತ ಮಂಜ ಹೇಳಿದ." ಬರುವವನು ಮಂಜ ಅಂತ ನಮಗೆಲ್ಲ ಅರ್ಥವಾಗುತ್ತದೆ. ಇದನ್ನೇ "ಮಂಜ ಸೆಡ್ ದಟ್ ಐ ವಿಲ್ ಕಮ್" ಅಂದರೆ ಬರುವವರು ನೀವಾಗುತ್ತೀರಿ, ಮಂಜ ಮನೆಯಲ್ಲೇ ಉಳಿಯುತ್ತಾನೆ. ದಟ್ ಬಂದರೆ ಸರ್ವನಾಮ, ಟೆನ್ಸ್ ಎರಡೂ ಬದಲಾಗಬೇಕು: "ಮಂಜ ಸೆಡ್ ದಟ್ ಹಿ ವುಡ್ ಕಮ್." ಇನ್ನೊಂದು: 'ಟೋಲ್ಡ್ ದಟ್' ಅಲ್ಲ, 'ಟೋಲ್ಡ್ ಮಿ ದಟ್'. ಟೆಲ್‌ಗೆ ಯಾರಿಗೆ ಅನ್ನುವುದು ಬೇಕೇ ಬೇಕು, ಸೇಗೆ ಬೇಡ.

ಕೋರಿಲೇಟಿವ್ ಕಷ್ಟ ಅಂತಾರಲ್ಲ?

ನಮಗೆ ಸುಲಭ. ಬೋತ್ ಮತ್ತು ಆ್ಯಂಡ್, ಐದರ್ ಮತ್ತು ಆರ್, ನೈದರ್ ಮತ್ತು ನಾರ್ ಜೋಡಿಯಾಗಿ ಬರುತ್ತವೆ. ಕನ್ನಡದಲ್ಲಿ ನಾವು ಎರಡೂ ಕಡೆ ಗಂಟು ಹಾಕುವ ಜನ: 'ರಾಗಿಯೂ ಅವರೆಯೂ', 'ಕಾಫಿನೋ ಟೀನೋ'. ಇಂಗ್ಲಿಷ್‌ನಲ್ಲಿ ಎರಡೆರಡು ಗಂಟಿಗೆ ಅನುಮತಿ ಇರುವ ಜಾಗ ಇದೊಂದೇ ಅಂದುಕೊಳ್ಳಿ.

ಎರಡು ಕಡೆ ಎಚ್ಚರ ಬೇಕು. ಒಂದು, ಐದರ್, ನೈದರ್ ಬಂದಾಗ ವರ್ಬ್ ತನಗೆ ಹತ್ತಿರ ಇರುವ ಸಬ್ಜೆಕ್ಟ್ ಮಾತು ಕೇಳುತ್ತದೆ. "ನೈದರ್ ದ ಫಾರ್ಮರ್ ನಾರ್ ದ ಡ್ರೈವರ್ಸ್ ವರ್ ದೇರ್." ತಿರುಗಿಸಿದರೆ "ನೈದರ್ ದ ಡ್ರೈವರ್ಸ್ ನಾರ್ ದ ಫಾರ್ಮರ್ ವಾಸ್ ದೇರ್." ಇನ್ನೊಂದು, ಜೋಡಿಯ ಎರಡೂ ಪದಗಳ ಮುಂದೆ ಒಂದೇ ಥರದ ತುಂಡು ಇರಬೇಕು. "ಹಿ ಗ್ರೋಸ್ ನಾಟ್ ಓನ್ಲಿ ಟೊಮೇಟೋಸ್ ಬಟ್ ಆಲ್ಸೋ ಬೀನ್ಸ್." ಟೊಮೇಟೊಗೆ ಬೀನ್ಸ್ ಜೋಡಿ. "ಹಿ ನಾಟ್ ಓನ್ಲಿ ಗ್ರೋಸ್ ಟೊಮೇಟೋಸ್ ಬಟ್ ಆಲ್ಸೋ ಸೆಲ್ಸ್ ದೆಮ್." ಬೆಳೆಯುವುದಕ್ಕೆ ಮಾರುವುದು ಜೋಡಿ.

ಆ್ಯಸ್ ವೆಲ್ ಆ್ಯಸ್ ಮಾತ್ರ ಬೇರೆ. ಅಲ್ಲಿ ವರ್ಬ್ ಮೊದಲನೆಯವರ ಮಾತು ಕೇಳುತ್ತದೆ: "ದ ಟೀಚರ್ ಆ್ಯಸ್ ವೆಲ್ ಆ್ಯಸ್ ದ ಸ್ಟೂಡೆಂಟ್ಸ್ ಈಸ್ ಹಿಯರ್."

ನೋ ಸೂನರ್ ಬಂದರೆ ದ್ಯಾನ್, ಹಾರ್ಡ್ಲಿ ಬಂದರೆ ವೆನ್. ಇದು ಸರಿನಾ?

ಸರಿ. "ನೋ ಸೂನರ್ ಡಿಡ್ ದ ಬೆಲ್ ರಿಂಗ್ ದ್ಯಾನ್ ದೆ ರ‍್ಯಾನ್ ಔಟ್." ಸೂನರ್ ಅನ್ನುವುದು ಹೋಲಿಕೆಯ ಪದ, ಹೋಲಿಕೆಗೆ ದ್ಯಾನ್ ಬೇಕು. ಇಷ್ಟು ನೆನಪಿಟ್ಟರೆ ವೆನ್ ಹಾಕುವ ತಪ್ಪು ಆಗಲ್ಲ.

ಹೌಎವರ್, ದೇರ್‌ಫೋರ್ ಕೂಡ ಕಂಜಂಕ್ಷನ್ ತಾನೇ?

ಕಂಡರೆ ಹಾಗೇ ಕಾಣುತ್ತವೆ, ಆದರೆ ಅಲ್ಲ. ಅವು ಆ್ಯಡ್ವರ್ಬ್‌ಗಳು. ಎರಡು ವಾಕ್ಯದ ಮಧ್ಯೆ ಬರೀ ಕಾಮಾ ಇಟ್ಟು ಹೌಎವರ್ ಹಾಕಿದರೆ ತಪ್ಪು. ಹೌಎವರ್‌ಗಿಂತ ಮೊದಲು ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಬೇಕು, ಹೌಎವರ್ ಆದಮೇಲೆ ಕಾಮಾ. ಸೆಕೆಂಡ್ ಪಿಯು ಪೇಪರಿನಲ್ಲಿ ಲಿಂಕರ್ಸ್ ಅಂತ ಕೇಳುತ್ತಾರಲ್ಲ, ಅಲ್ಲಿ ಕಂಜಂಕ್ಷನ್, ಆ್ಯಡ್ವರ್ಬ್ ಎರಡನ್ನೂ ಒಂದೇ ಬುಟ್ಟಿಗೆ ಹಾಕಿರುತ್ತಾರೆ. ಅಲ್ಲಿ ಜಾತಿ ನೋಡಬೇಡಿ, ಅರ್ಥ ನೋಡಿ ತುಂಬಿ.

ಕಾಮಾ ಎಲ್ಲಿ?

ಸಬಾರ್ಡಿನೇಟಿಂಗ್ ತುಂಡು ವಾಕ್ಯದ ಶುರುವಿಗೆ ಬಂದರೆ ಅದು ಮುಗಿದ ಕಡೆ ಕಾಮಾ. ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ. ಎರಡು ಪೂರ್ತಿ ವಾಕ್ಯದ ನಡುವೆ ಬಟ್, ಸೋ, ಆ್ಯಂಡ್ ಬಂದರೆ ಅದಕ್ಕಿಂತ ಮೊದಲು ಕಾಮಾ.

ಆ್ಯಂಡ್, ಬಟ್, ಬಿಕಾಸ್‌ನಿಂದ ವಾಕ್ಯ ಶುರು ಮಾಡಬಾರದು ಅಂತ ನಮ್ಮ ಸಾರ್ ಹೇಳಿದ್ರು.

ಅವರು ಹೇಳಿದ್ದರ ಹಿಂದೆ ಕಾರಣ ಇದೆ, ನಿಯಮ ಇಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ ತೆರೆದರೆ ಮೊದಲ ಅಧ್ಯಾಯದಲ್ಲೇ ಸಾಲು ಸಾಲಾಗಿ ಆ್ಯಂಡ್‌ನಿಂದ ಶುರುವಾಗುವ ವಾಕ್ಯಗಳಿವೆ. ಬಿಕಾಸ್‌ನಿಂದಲೂ ಶುರು ಮಾಡಬಹುದು, ಆ ತುಂಡು ಆದಮೇಲೆ ಒಂದು ಪೂರ್ತಿ ವಾಕ್ಯ ಇರಬೇಕು ಅಷ್ಟೇ. ಮಕ್ಕಳು "ಬಿಕಾಸ್ ಐ ವಾಸ್ ಇಲ್." ಅಂತ ಅರ್ಧಕ್ಕೇ ಫುಲ್‌ಸ್ಟಾಪ್ ಇಡುತ್ತಾರೆ. ಅದನ್ನು ತಪ್ಪಿಸಲು ಮೇಷ್ಟ್ರುಗಳು ಶುರುವನ್ನೇ ನಿಷೇಧಿಸಿದರು. ಪರೀಕ್ಷೆ ಮುಗಿಯೋವರೆಗೂ ಅವರ ಮಾತು ಕೇಳಿ, ಆಮೇಲೆ ನಿಮ್ಮಿಷ್ಟ.

ಬಿಫೋರ್, ಆಫ್ಟರ್ ಪ್ರೆಪೊಸಿಷನ್ ಅಂತ ಓದಿದ್ದೆವಲ್ಲ?

ಎರಡೂ ಹೌದು. ಮುಂದೆ ಹೆಸರು ಬಂದರೆ ಪ್ರೆಪೊಸಿಷನ್, ವಾಕ್ಯ ಬಂದರೆ ಕಂಜಂಕ್ಷನ್. 'ಬಿಫೋರ್ ಲಂಚ್', 'ಬಿಫೋರ್ ವಿ ಏಟ್'. ಸಿನ್ಸ್‌ಗೆ ಇನ್ನೊಂದು ತೊಡಕಿದೆ. 'ಸಿನ್ಸ್ ಹಿ ಲೆಫ್ಟ್ ಕೋಲಾರ್' ಅಂದರೆ ಕೋಲಾರ ಬಿಟ್ಟಾಗಿನಿಂದ ಅಂತಲೂ ಆಗುತ್ತದೆ, ಬಿಟ್ಟಿದ್ದರಿಂದ ಅಂತಲೂ ಆಗುತ್ತದೆ. ಗೊಂದಲ ಬರುವ ಕಡೆ ಕಾರಣಕ್ಕೆ ಬಿಕಾಸ್ ಬಳಸಿ.

ಅಭ್ಯಾಸಕ್ಕೆ ಏನು ಮಾಡಬೇಕು?

ಗ್ರಾಮರ್ ಪುಸ್ತಕದ ವಾಕ್ಯ ಬೇಡ. ಮನೆಯಲ್ಲಿ ಆಡಿದ ಮಾತು ತಗೊಂಡು, ಅದರಲ್ಲಿ ಗಂಟು ಯಾವ ಬಾಲದಲ್ಲಿದೆ ಹುಡುಕಿ, ಅದನ್ನು ಇಂಗ್ಲಿಷ್‌ನಲ್ಲಿ ತಲೆಗೆ ತನ್ನಿ. ಮೂರು ಕೊಡುತ್ತೇನೆ. ಉತ್ತರ ಮುಚ್ಚಿಕೊಂಡು ಮಾಡಿ.

"ಅವರೆಕಾಯಿ ಸೀಸನ್ ಮುಗಿಯೋವರೆಗೂ ಅಮ್ಮ ಬೇರೆ ಸಾರು ಮಾಡಲ್ಲ." "ರೇಟ್ ಬಿದ್ದಿದ್ದರೂ ಅಪ್ಪ ಟೊಮೇಟೊನೇ ಹಾಕಿದರು." "ಬಸ್ ಬರಲ್ಲ ಅಂತ ಕಂಡಕ್ಟರ್ ಹೇಳಿದ್ದರಿಂದ ನಡೆದೇ ಬಂದೆ."

ಮೊದಲನೆಯದು: "ಅಮ್ಮ ವೋಂಟ್ ಮೇಕ್ ಎನಿ ಅದರ್ ಸಾರು ಅಂಟಿಲ್ ದ ಅವರೆಕಾಯಿ ಸೀಸನ್ ಈಸ್ ಓವರ್." ಸಾರಿಗೆ ಕರಿ ಅಂತ ಬರೆದವರಿಗೆ ನಾನು ಮಾರ್ಕ್ಸ್ ಕಟ್ ಮಾಡುತ್ತೇನೆ, ಅದು ನನ್ನ ಸ್ವಂತ ನಿಯಮ. ಎರಡನೆಯದು: "ಆಲ್ದೋ ದ ರೇಟ್ ಹ್ಯಾಡ್ ಫಾಲನ್, ಅಪ್ಪ ಪ್ಲಾಂಟೆಡ್ ಟೊಮೇಟೋಸ್." ಬಟ್ ಬಂತಾ? ಹೊಡೆದುಹಾಕಿ. ಮೂರನೆಯದರಲ್ಲಿ 'ಅಂತ', 'ಇಂದ' ಎರಡು ಗಂಟಿವೆ, ಹಾಗಾಗಿ ಇಂಗ್ಲಿಷ್‌ನಲ್ಲೂ ಎರಡು: "ಐ ವಾಕ್ಡ್ ಬಿಕಾಸ್ ದ ಕಂಡಕ್ಟರ್ ಸೆಡ್ ದಟ್ ದ ಬಸ್ ವುಡ್ ನಾಟ್ ಕಮ್."